ನೆರೆಮನೆಯ ವೈಫೈ: ಕೇಳಿ ಪಡೆಯುವುದೋ, ಕೇಳದೆ ಬಳಸುವುದೋ?

ಮುಂಬಯಿಯಲ್ಲಿ ಒಬ್ಬನ ಮನೆಯ ಒಗ್ಗರಣೆಯ ವಾಸನೆ ಮೂರು ಮನೆಗಳಿಗೆ ತಲುಪುವುದು ಎಲ್ಲರಿಗೂ ತಿಳಿದ ವಿಷಯ. ಇತ್ತೀಚಿನ ವರ್ಷಗಳಲ್ಲಿ ಅದರೊಡನೆ ಕಣ್ಣಿಗೆ ಕಾಣದ ಇನ್ನೊಂದು ವಸ್ತುವೂ ಗೋಡೆ ದಾಟಿ ಬರತೊಡಗಿದೆ. ಅದೇ ವೈಫೈ ಎಂಬ ನಿಸ್ತಂತು ಅಂತರ್ಜಾಲ. ಡೊಂಬಿವಲಿಯಲ್ಲಾಗಲಿ ಮೀರಾರೋಡಿನಲ್ಲಾಗಲಿ ಯಾವುದಾದರೊಂದು ಕಟ್ಟಡದ ಮೆಟ್ಟಿಲ ಬಳಿ ನಿಂತು ಮೊಬೈಲು ತೆರೆದರೆ ಹತ್ತು ಹದಿನೈದು ಮನೆಗಳ ಸಂಪರ್ಕಗಳ ಹೆಸರು ಸಾಲಾಗಿ ಕಾಣುವವು. ಬಹುತೇಕ ಎಲ್ಲದರ ಮುಂದೆಯೂ ಬೀಗದ ಚಿಹ್ನೆಯಿರುತ್ತದೆ. ಎಲ್ಲೋ ಒಂದಕ್ಕೆ ಇರುವುದಿಲ್ಲ. ಬೀಗವಿಲ್ಲದ ಆ ಬಾಗಿಲಿನಿಂದ ಒಳಹೊಕ್ಕು ನೆರೆಯವನ ಅಂತರ್ಜಾಲವನ್ನು ಬಳಸುವುದು ನ್ಯಾಯವೇ ಎಂಬ ಪ್ರಶ್ನೆ ನಮ್ಮ ತರುಣರಲ್ಲಿ ಆಗಾಗ ಚರ್ಚೆಗೆ ಬರುವುದುಂಟು. ಹೆಚ್ಚಿನವರು ನಕ್ಕು ತಳ್ಳಿಹಾಕುವ ಈ ಪ್ರಶ್ನೆ ವಿಚಾರಾರ್ಹವೆಂದು ನನ್ನ ಅಭಿಪ್ರಾಯ.

ಬಳಸಬಹುದೆನ್ನುವವರ ವಾದವನ್ನು ಮೊದಲು ಕೇಳೋಣ. ಬೀದಿದೀಪದ ಬೆಳಕಿನಲ್ಲಿ ಓದಿ ಮುಂದೆ ಬಂದವನನ್ನು ಯಾರೂ ಬೆಳಕಿನ ಕಳ್ಳನೆಂದು ಕರೆಯಲಿಲ್ಲ. ಲೋಕಲ್ ಗಾಡಿಯಲ್ಲಿ ಎದುರು ಕುಳಿತವನ ಪತ್ರಿಕೆಯ ಹಿಂಪುಟವನ್ನು ಓದುವವನು ಪತ್ರಿಕೆ ಕೊಂಡವನಿಗೆ ಯಾವ ನಷ್ಟವನ್ನೂ ಮಾಡುವುದಿಲ್ಲ. (ಸಂಪಾದಕನಾದ ನನಗೆ ಈ ಉಪಮಾನ ಅಷ್ಟಾಗಿ ರುಚಿಸದು, ಅದಿರಲಿ.) ನೆರೆಯವನು ತಿಂಗಳಿಗೆ ಇಷ್ಟೆಂದು ಹಣ ತೆತ್ತಿದ್ದಾನೆ, ನಾನು ಎರಡು ಪತ್ರಗಳನ್ನು ನೋಡಿಕೊಂಡರೆ ಅವನ ಬಿಲ್ಲು ಒಂದು ಪೈಸೆಯೂ ಏರದು, ಮೇಲಾಗಿ ಅದು ನನ್ನ ಕೋಣೆಯೊಳಗೆ ತಾನಾಗಿಯೇ ಬಂದಿದೆ ಎಂದು ಇವರ ಸಮರ್ಥನೆ.

ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಎರಡು ಪತ್ರಗಳಿಂದ ಯಾರೂ ದಿವಾಳಿಯಾಗರು. ಆದರೆ ಎರಡು ಪತ್ರಗಳಿಗೆ ನಿಲ್ಲುವವರು ಎಷ್ಟು ಮಂದಿ? ಇಡೀ ಸಿನೆಮಾವನ್ನು ಇಳಿಸಿಕೊಳ್ಳುವವನೊಬ್ಬ ಸೇರಿಕೊಂಡರೆ ಹಣ ತೆತ್ತವನ ಮಗಳ ಪಾಠ ನಡುವೆಯೇ ನಿಂತುಹೋಗುತ್ತದೆ. ಆದರೂ ವೇಗದ ಈ ಲೆಕ್ಕಾಚಾರವನ್ನು ನಾನು ಮುಖ್ಯವೆಂದು ಭಾವಿಸುವುದಿಲ್ಲ.

ಹಂಚಿಕೊಂಡು ಬಾಳುವುದು ನಮ್ಮವರಿಗೆ ಹೊಸತಲ್ಲ. ಟೆಲಿಫೋನು ಮನೆಮನೆಗೆ ಬಾರದಿದ್ದ ದಿನಗಳಲ್ಲಿ ನೆರೆಮನೆಯ ಸಂಖ್ಯೆಯನ್ನೇ ಊರಿಗೆ ಕೊಟ್ಟು, ಅದರ ಮುಂದೆ ಪಿ.ಪಿ. ಎಂದು ಬರೆಯುವ ರೂಢಿಯಿತ್ತು. ಊರಿನಿಂದ ಕರೆ ಬಂದಾಗ ಚಾಳಿನ ಆ ತುದಿಯಿಂದ ಈ ತುದಿಗೆ ಕೂಗು ಹೋಗುತ್ತಿತ್ತು. ಹೆರಿಗೆಯ ಸುದ್ದಿಯೂ ಸಾವಿನ ಸುದ್ದಿಯೂ ಪರರ ಪಡಸಾಲೆಯಲ್ಲಿ ನಿಂತೇ ಕೇಳಿದ್ದಾಯಿತು. ಕರೆ ಮಾಡಿದವನು ಟೆಲಿಫೋನಿನ ಪಕ್ಕದಲ್ಲಿ ನಾಣ್ಯವಿಟ್ಟು ಹೊರಡುತ್ತಿದ್ದ. ಮನೆಯೊಡತಿ ಕೆಲವೊಮ್ಮೆ ಅದನ್ನು ಹಿಂದಿರುಗಿಸುತ್ತಿದ್ದಳು, ಕೆಲವೊಮ್ಮೆ ಇಲ್ಲ. ಊರಿನಲ್ಲಿ ಬೇಸಗೆಗೆ ಬಾವಿ ಬತ್ತಿದಾಗಲೂ ನೆರೆಯ ಅಂಗಳದಲ್ಲಿ ನಿಂತು ಒಂದು ಮಾತು ಕೂಗಿ ಹೇಳಿಯೇ ಕೊಡವನ್ನು ಇಳಿಸುತ್ತಿದ್ದರು. (ಎಲ್ಲ ಬಾವಿಗಳೂ ಎಲ್ಲರಿಗೂ ತೆರೆದಿರಲಿಲ್ಲವೆಂಬುದು ನಾಚಿಕೆಯ ಮಾತು, ಅದನ್ನು ಮರೆತು ಹಳೆಯ ಕಾಲವನ್ನು ಹೊಗಳಲಾರೆ.) ಈ ಎಲ್ಲ ಸಂದರ್ಭಗಳಲ್ಲಿಯೂ ಕೊಟ್ಟವನಿಗೆ ಪಡೆದವನ ಮುಖದ ಪರಿಚಯವಿತ್ತು. ಬೇಡವೆನ್ನುವ ಅವಕಾಶವೂ ಇತ್ತು. ವೈಫೈಯಲ್ಲಿ ಇಲ್ಲದಿರುವುದು ಇದೇ.

ಇದರ ಪರಿಣಾಮವೇನೆಂಬುದನ್ನು ನಮ್ಮ ನಗರ 2008ರಲ್ಲಿ ಕಂಡಿತು. ಆ ವರ್ಷದ ಜುಲೈ 26ರ ಸಂಜೆ ಅಹಮದಾಬಾದಿನಲ್ಲಿ ನಡೆದ ಸರಣಿ ಸ್ಫೋಟಗಳಲ್ಲಿ 56 ಮಂದಿ ಅಸುನೀಗಿದರು. ಸ್ಫೋಟಗಳಿಗೆ ಕೆಲವೇ ನಿಮಿಷಗಳ ಮುಂಚೆ ಇಂಡಿಯನ್ ಮುಜಾಹಿದೀನ್ ಹೆಸರಿನಲ್ಲಿ ಸುದ್ದಿಸಂಸ್ಥೆಗಳಿಗೆ ಬೆದರಿಕೆಯ ಇ-ಮೇಲ್ ಒಂದು ಹೋಗಿತ್ತು. ಅದು ಹೊರಟ ಸ್ಥಳವನ್ನು ಹುಡುಕುತ್ತ ಹೋದ ಪೊಲೀಸರು ಬಂದು ನಿಂತದ್ದು ನವಿ ಮುಂಬಯಿಯ ಸಾನ್ಪಾಡಾದ ಒಂದು ಫ್ಲ್ಯಾಟಿನ ಬಾಗಿಲಿಗೆ. ಅಲ್ಲಿ ಬಾಡಿಗೆಗಿದ್ದವನು ಉದ್ಯೋಗಕ್ಕೆಂದು ಇಲ್ಲಿಗೆ ಬಂದ ಅಮೆರಿಕದ ಪ್ರಜೆ. ಅವನ ಮನೆಯ ವೈಫೈಗೆ ಬೀಗವಿರಲಿಲ್ಲ. ಯಾರೋ ಹೊರಗಿನಿಂದಲೇ ಅದನ್ನು ಬಳಸಿ ಪತ್ರ ಕಳುಹಿಸಿ ಮಾಯವಾಗಿದ್ದರು. ಅವನ ಗಣಕಯಂತ್ರಗಳು ಪೊಲೀಸರ ವಶವಾದವು, ವಿಚಾರಣೆಗಳು ನಡೆದವು, ಪತ್ರಿಕೆಗಳಲ್ಲಿ ಹೆಸರೂ ಭಾವಚಿತ್ರವೂ ಬಂದವು. ಅವನ ಕೈವಾಡವಿಲ್ಲವೆಂದು ತೀರ್ಮಾನವಾದದ್ದು ಇಷ್ಟೆಲ್ಲ ಆದ ಮೇಲೆ.

ಅಲ್ಲಿಗೂ ಮುಗಿಯಲಿಲ್ಲ. ಆಗಸ್ಟ್ 23ರಂದು ಇನ್ನೊಂದು ಪತ್ರ ಮಾಟುಂಗಾದ ಖಾಲ್ಸಾ ಕಾಲೇಜಿನ ಸಂಪರ್ಕದಿಂದ ಹೋಯಿತು. ನಮ್ಮ ಮೈಸೂರು ಅಸೋಸಿಯೇಷನ್ನಿಗೆ ದೂರವಲ್ಲದ ಸ್ಥಳವದು. ಸಪ್ಟಂಬರ 13ರಂದು ದಿಲ್ಲಿಯಲ್ಲಿ ಸ್ಫೋಟಗಳಾದಾಗ ಬಂದ ಪತ್ರ ಚೆಂಬೂರಿನ ಒಂದು ಕಂಪೆನಿಯ ವೈಫೈಯಿಂದ ಹೊರಟಿತ್ತು. ಬೀಗವಿಲ್ಲದ ಸಂಪರ್ಕಗಳನ್ನು ಹುಡುಕಿಕೊಂಡೇ ಈ ಗುಂಪಿನವರು ನಗರದಲ್ಲಿ ತಿರುಗಾಡಿದ್ದರೆಂದು ಪೊಲೀಸರು ಮುಂದೆ ತಿಳಿಸಿದರು.

ಸಾನ್ಪಾಡಾ, ನೆರೂಲ್, ಚೆಂಬೂರು ಎಂದರೆ ನಮ್ಮವರು ನೆಲೆಸಿರುವ ಪ್ರದೇಶಗಳೇ. ಆ ಫ್ಲ್ಯಾಟಿನಲ್ಲಿ ಅಮೆರಿಕದವನ ಬದಲು ಕಾರ್ಕಳದಿಂದಲೋ ಕುಂದಾಪುರದಿಂದಲೋ ಬಂದ ಹೋಟೆಲು ಮೆನೇಜರನೊಬ್ಬ ಇದ್ದಿದ್ದರೆ ಏನಾಗುತ್ತಿತ್ತೆಂದು ವಾಚಕರೇ ಊಹಿಸಬಹುದು. ರಾಯಭಾರ ಕಚೇರಿ ಅವನಿಗಾಗಿ ವಿಚಾರಿಸುತ್ತಿರಲಿಲ್ಲ. ಸೊಸೈಟಿಯವರು ಮನೆ ಖಾಲಿ ಮಾಡೆನ್ನುತ್ತಿದ್ದರು. ಊರಿನಲ್ಲಿ ತಂಗಿಯ ಮದುವೆಯ ಮಾತುಕತೆ ನಿಲ್ಲುತ್ತಿತ್ತು.

ಹೀಗಾಗುವುದಕ್ಕೆ ಕಾರಣವಿದೆ. ಅಂತರ್ಜಾಲದಲ್ಲಿ ಹೊರಡುವ ಸಂದೇಶದೊಡನೆ ಐ.ಪಿ. ಎಂಬ ವಿಳಾಸವೊಂದು ಅಂಟಿಕೊಂಡಿರುತ್ತದೆ. ಮನೆಯೊಳಗಿನ ರೌಟರ್ ಪೆಟ್ಟಿಗೆಗೆ ಎಷ್ಟು ಮಂದಿ ಸೇರಿಕೊಂಡರೂ ಹೊರಲೋಕಕ್ಕೆ ಕಾಣುವುದು ಸಾಮಾನ್ಯವಾಗಿ ಒಂದೇ ವಿಳಾಸ. ಅದು ಹಣ ತೆರುವವನ ಮನೆಯನ್ನು ತೋರಿಸುವುದೇ ಹೊರತು ಅಕ್ಷರ ಒತ್ತಿದವನ ಬೆರಳನ್ನು ತೋರಿಸದು. ಆದುದರಿಂದ ಕೇಳದೆ ಬಳಸುವವನು ನೆರೆಯವನಿಂದ ಅಂತರ್ಜಾಲವನ್ನು ಮಾತ್ರ ಪಡೆಯುವುದಲ್ಲ, ಅವನ ಹೆಸರನ್ನೂ ಧರಿಸಿಕೊಂಡು ಓಡಾಡಿದಂತಾಗುತ್ತದೆ. ಉದ್ದೇಶ ಎಷ್ಟೇ ನಿರ್ಮಲವಾಗಿದ್ದರೂ ಇದು ನಿಜ. ನನ್ನ ಆಕ್ಷೇಪವಿರುವುದು ಇಲ್ಲಿಯೇ.

2009ರ ಜನವರಿಯಲ್ಲಿ ಮುಂಬಯಿ ಪೊಲೀಸರು ಲ್ಯಾಪ್‌ಟಾಪು ಹಿಡಿದು ಬೀದಿ ಸುತ್ತಿ, ಬೀಗವಿಲ್ಲದ ಸಂಪರ್ಕಗಳನ್ನು ಪತ್ತೆಹಚ್ಚಿ ಒಡೆಯರಿಗೆ ನೋಟೀಸು ಕೊಡುವೆವೆಂದು ಸಾರಿದರು. ಕೇಂದ್ರದ ದೂರಸಂಪರ್ಕ ಇಲಾಖೆಯೂ ಮರುತಿಂಗಳು ನಿರ್ದೇಶಗಳನ್ನು ಹೊರಡಿಸಿತು. ಹೋಟೆಲು, ವಿಮಾನ ನಿಲ್ದಾಣಗಳಲ್ಲಿ ವೈಫೈ ಬೇಕೆಂದರೆ ಮೊದಲು ಮೊಬೈಲಿಗೆ ಸಂಕೇತಸಂಖ್ಯೆ ಬರುವ ಪದ್ಧತಿಗೆ ಮೂಲ ಇದೇ. ಇನ್ನು ಮಾಹಿತಿ ತಂತ್ರಜ್ಞಾನ ಕಾಯಿದೆ, 2000. ಅದರ 43ನೆಯ ಕಲಮು ಒಡೆಯನ ಅನುಮತಿಯಿಲ್ಲದೆ ಗಣಕಜಾಲವನ್ನು ಪ್ರವೇಶಿಸುವುದನ್ನು ನಿಷೇಧಿಸುತ್ತದೆ. ಅಪ್ರಾಮಾಣಿಕತೆಯಿಂದಲೋ ವಂಚನೆಯಿಂದಲೋ ಹಾಗೆ ಮಾಡಿದರೆ 66ನೆಯ ಕಲಮಿನಂತೆ ಮೂರು ವರ್ಷಗಳವರೆಗೆ ಸೆರೆ, ಐದು ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ. ಬ್ರಿಟನ್ನಿನಲ್ಲಿ 2005ರಲ್ಲಿಯೇ ಈ ಕಾರಣಕ್ಕೆ ಒಬ್ಬನಿಗೆ 500 ಪೌಂಡು ದಂಡ ಬಿದ್ದಿತ್ತು. ಬೀಗವಿರಲಿಲ್ಲವೆಂಬ ಮಾತನ್ನು ಅನುಮತಿಯೆಂದು ತಿಳಿಯುವ ಹಾಗಿಲ್ಲ.

ಇದಕ್ಕೆ ವಿರುದ್ಧವಾದ ಅಭಿಪ್ರಾಯವೂ ಉಂಟು, ಅದೂ ಸಾಮಾನ್ಯರದಲ್ಲ. ಗಣಕಸುರಕ್ಷತೆಯಲ್ಲಿ ಹೆಸರಾಂತ ಅಮೆರಿಕದ ಬ್ರೂಸ್ ಶ್ನಾಯರ್ ತಮ್ಮ ಮನೆಯ ವೈಫೈಗೆ ಬೀಗ ಹಾಕಿಲ್ಲವೆಂದೂ, ಬಂದವರಿಗೆ ಬಿಸಿ ಚಹಾ ಕೊಡುವಂತೆ ಅದೂ ಒಂದು ಸೌಜನ್ಯವೆಂದೂ 2008ರ ಜನವರಿಯಲ್ಲಿ ಬರೆದಿದ್ದರು. ಚಹಾದ ವಿಷಯದಲ್ಲಿ ನನಗೂ ಸ್ವಲ್ಪ ಅನುಭವವಿದೆ. ನಮ್ಮ ಹೋಟೆಲಿನಲ್ಲಿ ದಾರಿಹೋಕನಿಗೂ ಕುಡಿಯುವ ನೀರನ್ನು ಇಲ್ಲವೆಂದವರಲ್ಲ. ಆದರೆ ಅವನು ಗಲ್ಲೆಯ ಮುಂದೆ ನಿಂತು ಕುಡಿದು ಹೋಗುತ್ತಿದ್ದ. ಹಿತ್ತಿಲಿನಿಂದ ನುಸುಳಿ ಅಡುಗೆಮನೆಯ ನಲ್ಲಿಗೆ ಕೈಯಿಡುತ್ತಿರಲಿಲ್ಲ. ಶ್ನಾಯರರು ತಿಳಿದೇ ಬಾಗಿಲು ತೆರೆದಿಟ್ಟವರು. ಮುಲುಂಡಿನ ನಿವೃತ್ತ ಗುಮಾಸ್ತರೊಬ್ಬರ ಮನೆಯಲ್ಲಿ ಅದು ತೆರೆದಿದ್ದರೆ ಬೀಗ ಹಾಕುವ ಕ್ರಮ ತಿಳಿಯದೆ ತೆರೆದಿರುವುದೇ ಹೆಚ್ಚು ಸಂಭವ.

ಕೇಳಿದರೆ ಕೊಡುವವರಿಲ್ಲವೇ? 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ಶಾಲೆಗಳು ಮೊಬೈಲಿನೊಳಗೆ ಸೇರಿದಾಗ, ಒಂದೇ ಫೋನಿದ್ದ ಮನೆಗಳ ಮಕ್ಕಳಿಗೆ ಪಕ್ಕದವರು ತಮ್ಮ ಗುಪ್ತಪದವನ್ನು ಬರೆದುಕೊಟ್ಟರು. ಮಕ್ಕಳು ಮೆಟ್ಟಿಲುಗಳ ಮೇಲೆ ಕುಳಿತು ಪಾಠ ಕೇಳಿದರು. 2016ರ ಬಳಿಕ ಮೊಬೈಲು ಅಂತರ್ಜಾಲ ಅಗ್ಗವಾಗಿ, ಅದೇ ವರ್ಷ ಮುಂಬಯಿ ಸೆಂಟ್ರಲ್ ನಿಲ್ದಾಣದಿಂದ ತೊಡಗಿ ರೈಲ್ವೆಯಲ್ಲಿ ಉಚಿತ ವೈಫೈ ಬಂದ ಮೇಲೆ, ಕದಿಯಲೇಬೇಕಾದ ಬಡತನವೂ ಬಹಳಷ್ಟು ಕಡಿಮೆಯಾಗಿದೆ.

ಉಳಿದಿರುವುದು ಹೋಟೆಲಿನ ಮಾಳಿಗೆಯಲ್ಲಿ ಮಲಗುವ ಹುಡುಗರ ಪ್ರಶ್ನೆ. ರಾತ್ರಿ ಹನ್ನೆರಡಕ್ಕೆ ಪಾತ್ರೆ ತೊಳೆದು ಮುಗಿಸಿದವನು ತಾಯಿಯ ಮುಖ ನೋಡಲೆಂದು ವೀಡಿಯೊ ಕರೆ ಮಾಡುತ್ತಾನೆ. ದಿನದ ಪಾಲು ಮುಗಿದಿದ್ದರೆ ಎದುರಿನ ಮನೆಯ ಸಂಪರ್ಕವನ್ನು ಹುಡುಕುತ್ತಾನೆ. ಅವನನ್ನು ಗದರಿಸುವುದಕ್ಕಿಂತ ಮಾಲಕರು ತಮ್ಮ ಸಂಪರ್ಕವನ್ನೇ ಅವನಿಗೆ ಕೊಡತಕ್ಕದ್ದು. ಈಗಿನ ಬಹಳಷ್ಟು ರೌಟರುಗಳಲ್ಲಿ ಅತಿಥಿಗಳಿಗೆಂದು ಬೇರೆಯೇ ಹೆಸರು, ಬೇರೆಯೇ ಗುಪ್ತಪದ ಇರಿಸುವ ಸೌಕರ್ಯವಿದೆ. ಗಲ್ಲೆಯ ಬಿಲ್ಲಿನ ಯಂತ್ರ ಒಂದರಲ್ಲಿ, ಹುಡುಗರು ಇನ್ನೊಂದರಲ್ಲಿ. ಪೆಟ್ಟಿಗೆಯ ಅಡಿಯಲ್ಲಿ ಅಂಟಿಸಿದ ಗುಪ್ತಪದವನ್ನು ಮೊದಲ ದಿನವೇ ಬದಲಿಸಬೇಕು. ಪೆಟ್ಟಿಗೆ ತೀರ ಹಳೆಯದಾಗಿದ್ದು ಡಬ್ಲ್ಯು.ಇ.ಪಿ. ಎಂಬ ಮೊದಲ ಕಾಲದ ಬೀಗವೇ ಅದರಲ್ಲಿದ್ದರೆ ಪೆಟ್ಟಿಗೆಯನ್ನೇ ಬದಲಿಸುವುದು ಲೇಸು. ಆ ಬೀಗವನ್ನು ತೆರೆಯಲು ಬಲ್ಲವನಿಗೆ ಕೆಲವು ನಿಮಿಷಗಳು ಸಾಕು.