ಜಾಹೀರಾತುಗಳಲ್ಲಿ ಸ್ತ್ರೀಚಿತ್ರಣ: ತರಗತಿಯಲ್ಲಿ ಓದುವ ಬಗೆ

ಜಾಹೀರಾತುಗಳಲ್ಲಿ ಸ್ತ್ರೀಯರ ಅಸಭ್ಯ ನಿರೂಪಣೆಯನ್ನು 1986ರ ಕೇಂದ್ರ ಕಾಯಿದೆ ನಿಷೇಧಿಸುತ್ತದೆ. ಆದರೆ ಅಸಭ್ಯವಲ್ಲದೆಯೂ ಸ್ತ್ರೀಯನ್ನು ಕುಗ್ಗಿಸುವ ಚಿತ್ರಣಗಳುಂಟು. ಅವನ್ನು ಗುರುತಿಸುವುದು ಶಿಕ್ಷಣದ ಕೆಲಸ.

1975ರಲ್ಲಿ ಮಾರುಕಟ್ಟೆಗೆ ಬಂದ ‘ಫೇರ್ ಅಂಡ್ ಲವ್ಲಿ’ಯ ಜಾಹೀರಾತುಗಳು, ಮೈಬಣ್ಣ ಬೆಳ್ಳಗಾದರೆ ವರನೂ ಉದ್ಯೋಗವೂ ದೊರೆಯುವುವೆಂದು ಸೂಚಿಸುತ್ತ ಬಂದವು, 2020ರಲ್ಲಿ ಆ ಹೆಸರಿನಿಂದ ‘ಫೇರ್’ ಎಂಬ ಪದವನ್ನು ಕೈಬಿಡಲಾಯಿತು. 1990ರ ದಶಕದ ‘ಕ್ಯಾಡ್‌ಬರಿ’ ಜಾಹೀರಾತಿನಲ್ಲಿ ಯುವಕನು ಸಿಕ್ಸರ್ ಬಾರಿಸಿದಾಗ ಯುವತಿ ಮೈದಾನಕ್ಕಿಳಿದು ಕುಣಿಯುತ್ತಾಳೆ; 2021ರ ಮರುರೂಪದಲ್ಲಿ ಆಡುವವಳು ಯುವತಿ, ಕುಣಿಯುವವನು ಯುವಕ.

ಈ ಅದಲುಬದಲು ಕನ್ನಡ ಪಾಠಕ್ಕೂ ಒದಗುತ್ತದೆ. ಏಕೆಂದರೆ ನಮ್ಮ ಕ್ರಿಯಾಪದವೇ ಲಿಂಗವನ್ನು ಸೂಚಿಸುತ್ತದೆ. ಮಕ್ಕಳು ತಾವು ಕಂಡ ಜಾಹೀರಾತೊಂದರ ಕಥೆಯನ್ನು ಐದು ವಾಕ್ಯಗಳಲ್ಲಿ ಬರೆದು, ‘ತೊಳೆಯುತ್ತಾಳೆ’ ಎಂಬುದನ್ನು ‘ತೊಳೆಯುತ್ತಾನೆ’ ಎಂದೂ ‘ಗಳಿಸುತ್ತಾನೆ’ ಎಂಬುದನ್ನು ‘ಗಳಿಸುತ್ತಾಳೆ’ ಎಂದೂ ಬದಲಿಸಿ ಓದಲಿ. ಯಾವ ವಾಕ್ಯಕ್ಕೆ ತರಗತಿ ನಗುವುದೋ ಅಲ್ಲಿ ರೂಢಿಯ ಕಲ್ಪನೆಯೊಂದು ಅಡಗಿರುತ್ತದೆ. ಆ ನಗೆಯ ಕಾರಣವನ್ನು ಮಕ್ಕಳಿಂದಲೇ ಹೇಳಿಸಬೇಕು. ಮೈಬಣ್ಣದ ಚರ್ಚೆ ಬಂದಾಗ ಮಾತ್ರ ತರಗತಿಯ ಯಾವ ಬಾಲಕಿಯೂ ಉದಾಹರಣೆಯಾಗದಂತೆ ಶಿಕ್ಷಕರು ಎಚ್ಚರ ವಹಿಸತಕ್ಕದ್ದು.