ಒಂದೇ ‘ಸ್ಯಾಂಕ್ಷನ್’: ಅಲ್ಲಿ ಶಿಕ್ಷೆ, ಇಲ್ಲಿ ಅನುಮತಿ

2025ರ ಅಕ್ಟೋಬರ್‌ನಲ್ಲಿ ಅಮೆರಿಕ ಸರ್ಕಾರ ರಷ್ಯಾದ ತೈಲ ಕಂಪನಿಗಳಾದ ರಾಸ್‌ನೆಫ್ಟ್ ಮತ್ತು ಲುಕಾಯಿಲ್ ಮೇಲೆ ‘ಸ್ಯಾಂಕ್ಷನ್’ ಹೇರಿತು. ಅದಕ್ಕೂ ಹಿಂದಿನ ವರ್ಷ, ಆಗಸ್ಟ್‌ನಲ್ಲಿ, ಕರ್ನಾಟಕದ ರಾಜ್ಯಪಾಲರು ಮುಡಾ ದೂರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ವಿರುದ್ಧ ‘ಸ್ಯಾಂಕ್ಷನ್’ ಕೊಟ್ಟರು. ಒಂದು ಕಡೆ ಹೇರಿದ್ದು, ಇನ್ನೊಂದು ಕಡೆ ಕೊಟ್ಟಿದ್ದು. ಅಲ್ಲಿ ಬಾಗಿಲು ಮುಚ್ಚಿತು, ಇಲ್ಲಿ ತೆರೆಯಿತು. ಪದ ಒಂದೇ!

ಇದರ ಮೂಲ ಲ್ಯಾಟಿನ್‌ನಲ್ಲಿದೆ. ಪವಿತ್ರವಾಗಿಸು, ಮೀರಲಾಗದಂತೆ ವಿಧಿಸು ಅನ್ನುವ ಕ್ರಿಯಾಪದದಿಂದ ಬಂದದ್ದು. ‘ಸೇಂಟ್’ ಇದರ ದಾಯಾದಿ. ಇಂಗ್ಲಿಷ್‌ಗೆ ಬಂದಾಗ ಮೊದಲು ಅದಕ್ಕೆ ಶಾಸನ, ಕಟ್ಟಳೆ ಅನ್ನುವ ಅರ್ಥವಿತ್ತು. ಕಟ್ಟಳೆಗೆ ಎರಡು ಮುಖ ಇದ್ದೇ ಇರುತ್ತವೆ: ಅದು ಕೆಲವನ್ನು ಒಪ್ಪುತ್ತದೆ, ಮೀರಿದವರನ್ನು ದಂಡಿಸುತ್ತದೆ. ಎರಡೂ ಅರ್ಥಗಳು ಅಲ್ಲಿಂದಲೇ ಕವಲೊಡೆದವು. 1935ರಲ್ಲಿ ಇಥಿಯೋಪಿಯಾ ಮೇಲೆ ದಾಳಿ ಮಾಡಿದ ಇಟಲಿಯನ್ನು ಲೀಗ್ ಆಫ್ ನೇಷನ್ಸ್ ಆರ್ಥಿಕವಾಗಿ ಶಿಕ್ಷಿಸಲು ಹೊರಟಾಗ ಎರಡನೇ ಅರ್ಥ ಪತ್ರಿಕೆಗಳ ಮುಖಪುಟಕ್ಕೆ ಬಂತು. (ಆ ಪಟ್ಟಿಯಲ್ಲಿ ತೈಲವನ್ನೇ ಬಿಟ್ಟಿದ್ದರು. ಮುಸೊಲಿನಿಗೆ ಬೇಕಿದ್ದದ್ದು ಅದೇ.) ಕನ್ನಡದಲ್ಲಿ ಇದಕ್ಕೆ ‘ನಿರ್ಬಂಧ’ ಸರಿಯಾದ ಪದ. ಕೆಲವರು ‘ದಿಗ್ಬಂಧನ’ ಅಂತಲೂ ಬರೆಯುತ್ತಾರೆ. ಅದು ದಿಕ್ಕುದಿಕ್ಕಿಗೂ ದಾರಿ ಕಟ್ಟುವ ಮಾತು, ಹಡಗುಗಳನ್ನೇ ತಡೆದು ನಿಲ್ಲಿಸುವಾಗ ಬಳಸಬೇಕಾದದ್ದು.

ನಮ್ಮ ದಿನಬಳಕೆಯಲ್ಲಿ ಉಳಿದಿರುವುದು ಒಪ್ಪಿಗೆಯ ಅರ್ಥ. ‘ಲೋನ್ ಸ್ಯಾಂಕ್ಷನ್ ಆಯ್ತಾ?’ ಅಂತ ಕೇಳ್ತೀವಿ, ಕರೆಂಟ್ ಬಿಲ್ಲಿನಲ್ಲಿ ‘ಸ್ಯಾಂಕ್ಷನ್ಡ್ ಲೋಡ್’ ನೋಡ್ತೀವಿ. ಇದಕ್ಕೆ ಸರ್ಕಾರಿ ಕನ್ನಡದಲ್ಲಿ ‘ಮಂಜೂರು’ ಇದೆ. ಅರಬಿ ಮೂಲದ ಈ ಪದಕ್ಕೆ ಅಕ್ಷರಶಃ ‘ನೋಡಲ್ಪಟ್ಟದ್ದು’ ಅನ್ನುವ ಅರ್ಥ. ಸಾಹೇಬರ ಕಣ್ಣಿಗೆ ಬಿತ್ತು ಅಂದರೆ ಕೆಲಸ ಆಯ್ತು ಅಂತಲೇ ಲೆಕ್ಕ!

ತೊಡಕು ಶುರುವಾಗುವುದು ಕಾನೂನಿನಲ್ಲಿ. ಅಪ್ರೂವಲ್, ಸ್ಯಾಂಕ್ಷನ್, ಕನ್ಸೆಂಟ್, ಅಸೆಂಟ್ ನಿಘಂಟಿನಲ್ಲಿ ಅಕ್ಕಪಕ್ಕದ ಮನೆಯವು. ನಾವು ಎಲ್ಲವನ್ನೂ ‘ಅನುಮತಿ’ ಅಂದುಬಿಡುತ್ತೇವೆ. ಕೋರ್ಟಿನಲ್ಲಿ ಇವು ಒಂದರ ಜಾಗದಲ್ಲಿ ಇನ್ನೊಂದು ನಿಲ್ಲುವುದಿಲ್ಲ.

ಮುಡಾ ಪ್ರಕರಣವನ್ನೇ ನೋಡಿ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ 17ಎ ಸೆಕ್ಷನ್ ಸೇರಿಸಲಾಯಿತು. ಅಧಿಕಾರದಲ್ಲಿರುವವರು ತಮ್ಮ ಕೆಲಸದ ಭಾಗವಾಗಿ ತೆಗೆದುಕೊಂಡ ತೀರ್ಮಾನದ ಬಗ್ಗೆ ಪೊಲೀಸರು ತನಿಖೆ ಶುರು ಮಾಡಬೇಕಾದರೂ ಮೊದಲು ‘ಅಪ್ರೂವಲ್’ ಬೇಕು ಅನ್ನುತ್ತದೆ ಅದು. ‘ಸ್ಯಾಂಕ್ಷನ್’ ಬರುವುದು ಇದಕ್ಕಿಂತ ಬಹಳ ಮುಂದಿನ ಹಂತದಲ್ಲಿ: ತನಿಖೆ ಮುಗಿದು, ಕೋರ್ಟು ಆರೋಪವನ್ನು ವಿಚಾರಣೆಗೆ ಎತ್ತಿಕೊಳ್ಳುವ ಮುನ್ನ. ಅದನ್ನು ಅದೇ ಕಾಯ್ದೆಯ 19ನೇ ಸೆಕ್ಷನ್ ಮತ್ತು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 218ನೇ ಸೆಕ್ಷನ್ ಹೇಳುತ್ತವೆ. ರಾಜ್ಯಪಾಲ ಥಾವರ್‌ಚಂದ್ ಗೆಹ್ಲೋಟ್ ಅವರ ಆದೇಶದಲ್ಲಿ 17ಎ ಮತ್ತು 218 ಎರಡೂ ಇದ್ದವು. ಟಿವಿಗಳಲ್ಲಿ ದಿನವಿಡೀ ಓಡಿದ್ದು ‘ಪ್ರಾಸಿಕ್ಯೂಷನ್‌ಗೆ ಅನುಮತಿ’.

2024ರ ಸೆಪ್ಟೆಂಬರ್ 24ರಂದು ಹೈಕೋರ್ಟ್ ಸಿದ್ದರಾಮಯ್ಯನವರ ಅರ್ಜಿಯನ್ನು ವಜಾ ಮಾಡಿತು. ಎಲ್ಲರೂ ನೆನಪಿಟ್ಟುಕೊಂಡಿದ್ದು ಅಷ್ಟನ್ನೇ. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿತ್ತು: ರಾಜ್ಯಪಾಲರ ಆದೇಶವನ್ನು 17ಎ ಅಡಿಯ ಅಪ್ರೂವಲ್ ಅಂತಷ್ಟೇ ಓದಬೇಕು, 218ರ ಸ್ಯಾಂಕ್ಷನ್ ಅಂತ ಓದಬಾರದು. ಅಂದರೆ ತನಿಖೆಗೆ ಒಪ್ಪಿಗೆ ಸಿಕ್ಕಿತು, ವಿಚಾರಣೆಗೆ ಸಿಗಲಿಲ್ಲ. ಆಮೇಲೆ ತನಿಖೆ ನಡೆಸಿದ ಲೋಕಾಯುಕ್ತ ಪೊಲೀಸರು 2025ರ ಫೆಬ್ರವರಿಯಲ್ಲಿ ಅವರ ವಿರುದ್ಧ ಸಾಕ್ಷ್ಯವಿಲ್ಲ ಎಂದು ವರದಿ ಕೊಟ್ಟರು. ಆ ವರದಿ ಸರಿಯೋ ತಪ್ಪೋ ಬೇರೆ ಜಗಳ. ತನಿಖೆಗೇ ಇನ್ನೂ ಕೈ ಹಾಕದ ಪ್ರಕರಣದಲ್ಲಿ ‘ಪ್ರಾಸಿಕ್ಯೂಷನ್’ ಅಂತ ತಿಂಗಳುಗಟ್ಟಲೆ ಕೂಗಿದ್ದಂತೂ ತಪ್ಪೇ.

ಆ ತೀರ್ಪು ಬಂದ ಎರಡೇ ದಿನಕ್ಕೆ, ಸೆಪ್ಟೆಂಬರ್ 26ರಂದು, ರಾಜ್ಯ ಸಂಪುಟ ಸಿಬಿಐಗೆ ಕೊಟ್ಟಿದ್ದ ಸಾಮಾನ್ಯ ‘ಕನ್ಸೆಂಟ್’ ವಾಪಸ್ ಪಡೆಯಿತು. ಇದು ಮೂರನೆಯದು, ಸಮ್ಮತಿ: ಕೇಂದ್ರದ ತನಿಖಾ ಸಂಸ್ಥೆ ರಾಜ್ಯದ ಗಡಿಯೊಳಗೆ ಕೆಲಸ ಮಾಡಲು ರಾಜ್ಯ ಸರ್ಕಾರದ ಒಪ್ಪಿಗೆ. ಮಸೂದೆಗೆ ರಾಜ್ಯಪಾಲರು ಕೊಡುವುದು ‘ಅಸೆಂಟ್’. ಕನ್ನಡಕ್ಕೆ ಇಲ್ಲಿ ಇಂಗ್ಲಿಷ್‌ಗಿಂತ ಒಳ್ಳೆಯ ಪದ ಸಿಕ್ಕಿದೆ, ‘ಅಂಕಿತ’. ವಚನಕಾರರಿಂದಲೇ ನಮಗೆ ಪರಿಚಯವಾದ ಪದ.

ಇಷ್ಟೆಲ್ಲ ಪದಗಳ ಜಗಳ ಯಾಕೆ ಅನ್ನುವವರು ಜಿ.ಎನ್. ಸಾಯಿಬಾಬಾ ಅವರ ಪ್ರಕರಣ ನೋಡಬೇಕು. ಯುಎಪಿಎ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ ಸ್ಯಾಂಕ್ಷನ್ ಮೊದಲು ಬರಬೇಕು, ವಿಚಾರಣೆ ಆಮೇಲೆ. ಅವರ ವಿಷಯದಲ್ಲಿ ಆರೋಪಪಟ್ಟಿಯನ್ನು ಕೋರ್ಟು ಕೈಗೆತ್ತಿಕೊಂಡು, ದೋಷಾರೋಪ ಹೊರಿಸಿ, ಆದ ಮೇಲೆ ಸ್ಯಾಂಕ್ಷನ್ ಬಂತು. ಇದೇ ಕಾರಣಕ್ಕೆ ಬಾಂಬೆ ಹೈಕೋರ್ಟ್ 2022ರ ಅಕ್ಟೋಬರ್‌ನಲ್ಲಿ ಅವರನ್ನು ಬಿಡುಗಡೆ ಮಾಡಿತು. ಮರುದಿನವೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2024ರ ಮಾರ್ಚ್‌ನಲ್ಲಿ ಮತ್ತೆ ಖುಲಾಸೆಯಾಗಿ ಹೊರಬಂದ ಅವರು ಅಕ್ಟೋಬರ್‌ನಲ್ಲಿ ತೀರಿಕೊಂಡರು.

ಅಲ್ಲಿ ಸ್ಯಾಂಕ್ಷನ್ ಪ್ರಜೆಯ ರಕ್ಷಣೆಗೆ ಇಟ್ಟ ಬೇಲಿ. ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆಯ 6ನೇ ಸೆಕ್ಷನ್‌ನಲ್ಲಿ ಅದೇ ಬೇಲಿ ಬಂದೂಕು ಹಿಡಿದವರ ಸುತ್ತ ಇದೆ. 2021ರ ಡಿಸೆಂಬರ್ 4ರಂದು ನಾಗಾಲ್ಯಾಂಡಿನ ಓಟಿಂಗ್ ಬಳಿ ಗಣಿ ಕೆಲಸ ಮುಗಿಸಿ ಪಿಕಪ್ ವಾಹನದಲ್ಲಿ ಮನೆಗೆ ಹೊರಟಿದ್ದ ಆರು ಕಾರ್ಮಿಕರು ಸೇನೆಯ ಗುಂಡಿಗೆ ಬಲಿಯಾದರು. ಆಮೇಲಿನ ಗಲಾಟೆಯಲ್ಲಿ ಇನ್ನಷ್ಟು ಜನ ಸತ್ತರು. ರಾಜ್ಯದ ಪೊಲೀಸರು 30 ಸೇನಾ ಸಿಬ್ಬಂದಿಯ ಮೇಲೆ ಆರೋಪಪಟ್ಟಿ ಹಾಕಿದರು. ಕೇಂದ್ರ 2023ರಲ್ಲಿ ಸ್ಯಾಂಕ್ಷನ್ ನಿರಾಕರಿಸಿತು. 2024ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಕ್ರಿಮಿನಲ್ ಪ್ರಕ್ರಿಯೆಯನ್ನು ಮುಚ್ಚಿತು. ಮುಂದೆ ಯಾವಾಗಲಾದರೂ ಸ್ಯಾಂಕ್ಷನ್ ಸಿಕ್ಕರೆ ಪ್ರಕರಣ ಮುಂದುವರಿಯಬಹುದು ಎಂದು ಆದೇಶದಲ್ಲಿ ಬರೆದಿದೆ.