ಆರೈಕೆ ಮಾಡುವವರ ಬಳಲಿಕೆ

ಮುಂಡರಗಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಆಶಾ ಕಾರ್ಯಕರ್ತೆಯಾಗಿರುವ ಮಹಿಳೆಯೊಬ್ಬರು ನಮಗೆ ಪರಿಚಿತರು. ಅಪರಾತ್ರಿಯಲ್ಲಿ ಗರ್ಭಿಣಿಯನ್ನು ಆಸ್ಪತ್ರೆಗೆ ಕರೆತಂದು, ಬೆಳಗಾಗುವವರೆಗೆ ಬೆಂಚಿನ ಮೇಲೆ ಕುಳಿತು, ಮೊದಲ ಬಸ್ಸಿಗೆ ಊರಿಗೆ ಮರಳುವುದು ಅವರಿಗೆ ಹೊಸತಲ್ಲ. ಈಚೆಗೆ ಅವರಾಡಿದ ಮಾತು ನಮ್ಮನ್ನು ಯೋಚನೆಗೆ ಹಚ್ಚಿತು: “ದಣಿವಾದ್ರ ಮಲಗಿ ಎದ್ರ ಹೋಗತೈತ್ರೀ ಸರ. ಇದು ಹೋಗವಲ್ದು. ಮೊದಲ ಕೂಸು ಅತ್ತ ದನಿ ಕೇಳಿದ್ರ ಕಣ್ಣಾಗ ನೀರು ಬರತಿತ್ತು. ಈಗ ರಿಜಿಸ್ಟರ ತುಂಬೂದಷ್ಟ ನೆನಪಾಗತೈತಿ.”

ಈ ಸ್ಥಿತಿಗೆ ಶಾಸ್ತ್ರದಲ್ಲಿ ಹೆಸರುಂಟು. ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯವೊಂದರಲ್ಲಿ ದುಡಿಯುತ್ತಿದ್ದ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞರು, ಸಹೋದ್ಯೋಗಿಗಳ ಉತ್ಸಾಹವು ಕ್ರಮೇಣ ಬತ್ತುವುದನ್ನು ಕಂಡು, ೧೯೭೪ರಲ್ಲಿ ಅದನ್ನು ‘ಬರ್ನ್‌ಔಟ್’ ಎಂದು ವರ್ಣಿಸಿದರು. ನಾವು ಅದನ್ನು ‘ವೃತ್ತಿಬಳಲಿಕೆ’ ಎನ್ನೋಣ. ಅಮೆರಿಕದ ಕ್ರಿಸ್ಟಿನಾ ಮಾಸ್ಲಾಕ್ ಅವರು ೧೯೮೧ರಲ್ಲಿ ಇದನ್ನು ಅಳೆಯುವ ಪ್ರಶ್ನಾವಳಿಯನ್ನು ಪ್ರಕಟಿಸಿದರು. ಅದರಂತೆ ಲಕ್ಷಣಗಳು ಮೂರು: ಮನಸ್ಸು ಬರಿದಾಗುವುದು, ರೋಗಿಯನ್ನು ಮನುಷ್ಯನೆಂದು ಕಾಣದೆ ವಸ್ತುವೆಂಬಂತೆ ಕಾಣುವುದು, ‘ನನ್ನಿಂದೇನೂ ಆಗದು’ ಎಂಬ ಭಾವ. ಎರಡನೆಯದನ್ನು ನಾವು ಬಹುಮಟ್ಟಿಗೆ ‘ಸೊಕ್ಕು’ ಎಂದು ತಿಳಿದುಬಿಡುತ್ತೇವೆ. ಸಿಡುಕುವ ದಾದಿಯನ್ನು ಬೈಯುವ ಮುನ್ನ ಇದು ನೆನಪಿರಲಿ. ೨೦೧೯ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ವೃತ್ತಿಬಳಲಿಕೆಯನ್ನು ರೋಗವೆಂದು ಕರೆಯದೆ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದು ವರ್ಗೀಕರಿಸಿತು.

ಭೌತಶಾಸ್ತ್ರವನ್ನು ಕಲಿಸುವ ನಮಗೆ ಇಲ್ಲಿ ಲೋಹಗಳ ದಣಿವು ನೆನಪಾಗುತ್ತದೆ. ಕಳೆದ ಶತಮಾನಕ್ಕೂ ಹಿಂದೆ, ೧೮೫೦-೬೦ರ ದಶಕಗಳಲ್ಲಿ, ಜರ್ಮನಿಯ ಔಗುಸ್ಟ್ ವೋಲರ್ ಅವರು ರೈಲುಗಾಡಿಯ ಅಚ್ಚುಗಳನ್ನು ಪರೀಕ್ಷಿಸಿದರು. ಒಂದೇ ಸಲ ಹೇರಿದರೆ ಸುಲಭವಾಗಿ ಹೊರಬಲ್ಲ ಭಾರವನ್ನೇ ಲಕ್ಷಾಂತರ ಸಲ ಹೇರಿದರೆ ಅಚ್ಚು ಮುರಿಯುತ್ತದೆ. ಆದರೆ ಭಾರವನ್ನು ಒಂದು ಮಿತಿಗಿಂತ ಕೆಳಗಿಳಿಸಿದರೆ ಉಕ್ಕು ಎಷ್ಟು ಸುತ್ತುಗಳನ್ನಾದರೂ ತಾಳುತ್ತದೆ. ಹೋಲಿಕೆ ಪೂರ್ತಿ ಹೊಂದದು: ಬಿರುಕುಬಿಟ್ಟ ಉಕ್ಕು ವಿಶ್ರಾಂತಿಯಿಂದ ಕೂಡಿಕೊಳ್ಳದು, ಮನುಷ್ಯನು ಚೇತರಿಸಿಕೊಳ್ಳುತ್ತಾನೆ. ಆದರೂ ಮುಖ್ಯ ಪ್ರಶ್ನೆ ಒಂದೇ. ಅಚ್ಚನ್ನು ಗಟ್ಟಿಗೊಳಿಸಬೇಕೊ, ಹೊರೆಯನ್ನು ಇಳಿಸಬೇಕೊ?

ಗಟ್ಟಿಗೊಳಿಸುವ ಚಿಕಿತ್ಸೆಗಳಿವೆ. ಆಲೋಚನೆಯ ಜಾಡನ್ನು ತಿದ್ದುವ ಸಮಾಲೋಚನೆ, ಧ್ಯಾನ, ಉಸಿರಾಟದ ಅಭ್ಯಾಸ ಮೊದಲಾದವು ಈ ಬಗೆಯವು. ಲಂಡನ್ನಿನಲ್ಲಿ ಮೈಕೆಲ್ ಬಾಲಿಂಟ್ ಅವರು ೧೯೫೦ರ ದಶಕದಲ್ಲಿ ವೈದ್ಯರನ್ನು ಗುಂಪಾಗಿ ಕೂಡಿಸಿ, ತಮ್ಮನ್ನು ಕಾಡುವ ರೋಗಿಗಳ ಕುರಿತು ಮಾತನಾಡಿಸುವ ಪದ್ಧತಿಯನ್ನು ಬೆಳೆಸಿದರು. ಅದು ಇಂದಿಗೂ ಬಳಕೆಯಲ್ಲಿದೆ. ೨೦೧೬ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವೈದ್ಯರನ್ನು ಕುರಿತ ೫೨ ಅಧ್ಯಯನಗಳ ಸಮೀಕ್ಷೆಯೊಂದು ಪ್ರಕಟವಾಯಿತು. ವ್ಯಕ್ತಿಗೆ ನೀಡಿದ ನೆರವು, ಕೆಲಸದ ವ್ಯವಸ್ಥೆಯಲ್ಲಿ ಮಾಡಿದ ಬದಲಾವಣೆ ಎರಡನ್ನೂ ಸೇರಿಸಿ ನೋಡಿದಾಗ, ಬಳಲಿದವರ ಪ್ರಮಾಣ ಶೇಕಡ ೫೪ರಿಂದ ೪೪ಕ್ಕೆ ಇಳಿದಿತ್ತು. ಮರುವರ್ಷದ ಇನ್ನೊಂದು ಸಮೀಕ್ಷೆಯಲ್ಲಿ ಒಟ್ಟು ಲಾಭ ಅಲ್ಪವೇ ಆದರೂ, ಪಾಳಿ, ಕೆಲಸದ ಹೊರೆ ಮುಂತಾದ ವ್ಯವಸ್ಥೆಯನ್ನೇ ತಿದ್ದಿದ ಕಡೆ ಅದು ಹೆಚ್ಚಾಗಿ ಕಂಡಿತು.

ಇನ್ನು ನಮ್ಮ ಪರಿಚಿತರ ಹೊರೆಯನ್ನು ನೋಡೋಣ. ಆಸ್ಪತ್ರೆಯಲ್ಲಿ ಹೆರಿಗೆಯಾದ ಪ್ರತಿ ಬಾಣಂತಿಯ ಮನೆಗೆ ೩, ೭, ೧೪, ೨೧, ೨೮ ಮತ್ತು ೪೨ನೆಯ ದಿನ ಹೋಗಬೇಕು. ಲಸಿಕೆ, ಕ್ಷಯ, ಸಮೀಕ್ಷೆಗಳು ಬೇರೆ. ಸರಕಾರದ ಲೆಕ್ಕದಲ್ಲಿ ಅವರು ‘ಸ್ವಯಂಸೇವಕಿ’. ಸಂಬಳವಿಲ್ಲ, ಗೌರವಧನ ಮತ್ತು ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ ಮಾತ್ರ. ಹೊರೆ ಹೆಚ್ಚಿದ್ದು, ಅದನ್ನು ಹೊಂದಿಸಿಕೊಳ್ಳುವ ಸ್ವಾತಂತ್ರ್ಯ ಕಡಿಮೆಯಿದ್ದಾಗಲೇ ಮನಸ್ಸು ಹೆಚ್ಚು ಬಳಲುತ್ತದೆಂದು ರಾಬರ್ಟ್ ಕರಾಸೆಕ್ ಅವರು ೧೯೭೯ರಲ್ಲಿಯೇ ವಾದಿಸಿದ್ದರು. ೨೦೨೫ರ ಜನವರಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಧರಣಿ ಕುಳಿತು ನಿಶ್ಚಿತ ಗೌರವಧನ ಕೇಳಿದುದನ್ನು ಚಿಕಿತ್ಸೆಯ ಬೇಡಿಕೆಯೆಂದೇ ನಾವು ಓದುತ್ತೇವೆ.

ಒಂದು ಎಚ್ಚರಿಕೆ. ಕೆಲಸದಿಂದಾಚೆಗೂ ಎಲ್ಲದರಲ್ಲಿ ನಿರಾಸೆ ಕವಿದರೆ, ಬದುಕೇ ಬೇಡವೆನಿಸಿದರೆ, ಅದು ಖಿನ್ನತೆಯಿರಬಹುದು. ಆಗ ವೈದ್ಯರನ್ನೇ ಕಾಣಬೇಕು. ಧಾರವಾಡದಲ್ಲಿ ಡಿಮ್ಹಾನ್ಸ್ ಸಂಸ್ಥೆಯಿದೆ. ೨೦೨೨ರಲ್ಲಿ ಆರಂಭವಾದ ‘ಟೆಲಿ-ಮಾನಸ್’ ಸೇವೆಯ ೧೪೪೧೬ ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಇದನ್ನೆಲ್ಲ ನಾವು ಅವರಿಗೆ ವಿವರಿಸಿದೆವು. ಅವರು ಸಂಖ್ಯೆಯನ್ನು ರಿಜಿಸ್ಟರಿನ ರಟ್ಟಿನ ಮೇಲೆ ಬರೆದುಕೊಂಡು ಹೇಳಿದರು: “ಫೋನ್ ಮಾಡತೇನ್ರೀ ಸರ. ಆದ್ರ ರಾತ್ರಿ ಕರಕೊಂಡು ಬಂದಾಗ ಕಾಲು ಚಾಚಾಕ ಒಂದು ಖೋಲಿ ಕೊಡಸಾಕ ಯಾರಿಗೆ ಹೇಳಬೇಕು, ಅದನ್ನೂ ಬರದು ಕೊಡ್ರಿ.”